ಕೊನೆಯ ಸುತ್ತಿನ ಸರಕು: ಅಮೆರಿಕದ ಆಟಗಾರರ ಪೇಟೆಯಲ್ಲಿ ಬೆಲೆ ಮತ್ತು ಮೌಲ್ಯ

2000ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ (ಎನ್‌ಎಫ್‌ಎಲ್) ವಾರ್ಷಿಕ ಆಟಗಾರರ ಆಯ್ಕೆ ನಡೆಯಿತು. ಎರಡು ದಿನಗಳ ಆ ವ್ಯವಹಾರದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿ ಎಂಬ ಯುವಕನ ಹೆಸರು ಕೇಳಿಬಂದದ್ದು ಆರನೆಯ ಸುತ್ತಿನಲ್ಲಿ, 199ನೆಯದಾಗಿ. ಆತ ಆಡುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೇ ಸೇರಿದ ಬೇರೆ ಆರು ಮಂದಿಯನ್ನು ತಂಡಗಳು ಅದಾಗಲೇ ಆರಿಸಿಕೊಂಡಾಗಿತ್ತು. 2023ರಲ್ಲಿ ಬ್ರೇಡಿಯವರು ನಿವೃತ್ತರಾದಾಗ ಅವರ ಹೆಸರಿನಲ್ಲಿ ಏಳು ಸೂಪರ್ ಬೌಲ್ ಪ್ರಶಸ್ತಿಗಳಿದ್ದವು. ಅಷ್ಟು ಪ್ರಶಸ್ತಿಗಳನ್ನು ಗೆದ್ದ ತಂಡವೇ ಆ ಲೀಗಿನಲ್ಲಿ ಆಗ ಇರಲಿಲ್ಲ.

ಈ ಒಂದು ಪ್ರಸಂಗದಿಂದಾಗಿ ಪ್ರತಿವರ್ಷ ಏಪ್ರಿಲ್ ಬಂತೆಂದರೆ ಅಮೆರಿಕದ ಕ್ರೀಡಾಪುಟಗಳಲ್ಲಿ ಒಂದು ಹುಡುಕಾಟ ಆರಂಭವಾಗುತ್ತದೆ. ಯಾರ ಕಣ್ಣಿಗೂ ಬೀಳದೆ ಕೊನೆಯ ಸುತ್ತುಗಳಿಗೆ ಉಳಿದುಹೋಗುವ ಮುಂದಿನ ರತ್ನ ಯಾವುದೆಂದು ಪಟ್ಟಿಗಳು ಪ್ರಕಟವಾಗುತ್ತವೆ. ಇಂತಹ ರತ್ನವನ್ನು ಕಂಡುಹಿಡಿಯಲು ಬೇಕಾದುದು ರತ್ನಪರೀಕ್ಷಕನ ಕಣ್ಣು ಎಂಬುದು ಈ ಪಟ್ಟಿಗಳ ಹಿಂದಿರುವ ನಂಬಿಕೆ. ಆದರೆ ಕಳೆದ ಅರುವತ್ತು ವರ್ಷಗಳ ದಾಖಲೆಯನ್ನು ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅಗ್ಗದ ಸರಕಿನಲ್ಲಿ ಹೆಚ್ಚು ಲಾಭ ಕಂಡವರು ತಮ್ಮ ಕಣ್ಣನ್ನು ಹೆಚ್ಚು ನಂಬಿದವರಲ್ಲ; ಕಡಿಮೆ ನಂಬಿದವರು.

ಪದ್ಧತಿಯ ಪರಿಚಯ ಇಲ್ಲದವರಿಗೆ ಎರಡು ಮಾತು ಅವಶ್ಯಕ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಜಗತ್ತಿನ ಉಳಿದೆಡೆ ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಯನ್ನು ಕೆಡವಿ ಆಡುವ ಅಮೆರಿಕದ ಆಟ. ಅದರ ವೃತ್ತಿಪರ ತಂಡಗಳು ವಿಶ್ವವಿದ್ಯಾಲಯಗಳಿಂದ ಹೊರಬರುವ ಆಟಗಾರರನ್ನು ಹಂಚಿಕೊಳ್ಳುವ ಏರ್ಪಾಡಿಗೆ ಡ್ರಾಫ್ಟ್ ಎಂದು ಹೆಸರು. ನಮ್ಮವರು ಐಪಿಎಲ್‌ನಿಂದಾಗಿ ಬಲ್ಲ ಹರಾಜಿಗೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಹರಾಜಿನಲ್ಲಿ ಹಣ ಹೆಚ್ಚು ಕೊಟ್ಟವನಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಸರದಿ ಬಂದವನಿಗೆ ಆಟಗಾರ. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಪ್ರಶಸ್ತಿ ಗೆದ್ದ ತಂಡಕ್ಕೆ ಕೊನೆಯದು. ಫಿಲಡೆಲ್ಫಿಯಾ ತಂಡದ ಒಡೆಯರಾಗಿದ್ದ ಬರ್ಟ್ ಬೆಲ್ ಅವರು, ಸಿರಿವಂತ ತಂಡಗಳೊಡನೆ ಪೈಪೋಟಿ ನಡೆಸಲಾಗದೆ, 1935ರಲ್ಲಿ ಈ ಸಲಹೆಯನ್ನು ಮುಂದಿಟ್ಟರು. 1936ರ ಫೆಬ್ರುವರಿಯಲ್ಲಿ ಒಂಬತ್ತು ತಂಡಗಳು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕುಳಿತು ಮೊದಲ ಆಯ್ಕೆ ನಡೆಸಿದವು. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಅವರು ಸಂಬಳದ ಮಾತು ಹೊಂದಿಕೆಯಾಗದೆ ವೃತ್ತಿಪರ ಆಟಕ್ಕೆ ಇಳಿಯಲೇ ಇಲ್ಲ. ರಬ್ಬರ್ ವ್ಯಾಪಾರಕ್ಕೆ ಹೋದರು. ಮೊದಲ ಸರದಿಯ ಇತಿಹಾಸ ಆರಂಭವಾದದ್ದೇ ಖಾಲಿ ಕೈಯಿಂದ.

ಈಗ ಲೀಗಿನಲ್ಲಿ 32 ತಂಡಗಳಿವೆ. 1994ರಿಂದ ಆಯ್ಕೆ ಏಳು ಸುತ್ತುಗಳಿಗೆ ಸೀಮಿತವಾಗಿದೆ. ತಮ್ಮ ಆಟಗಾರರನ್ನು ಬೇರೆ ತಂಡಗಳಿಗೆ ಕಳೆದುಕೊಂಡವರಿಗೆ ಪರಿಹಾರವಾಗಿ ಕೊಡುವ ಹೆಚ್ಚುವರಿ ಸರದಿಗಳೂ ಸೇರಿ ವರ್ಷಕ್ಕೆ ಸುಮಾರು 260 ಮಂದಿ ಆಯ್ಕೆಯಾಗುತ್ತಾರೆ. ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲಿ ಕೊಡುಕೊಳ್ಳಬಹುದು. ಮುಂದಿನ ವರ್ಷದ ಸರದಿಯನ್ನು ಇಂದೇ ಮಾರಬಹುದು. ಹೀಗಾಗಿ ಇದು ಆಟದ ಹೆಸರಿನಲ್ಲಿ ನಡೆಯುವ ಅಪ್ಪಟ ಪೇಟೆ. ಇಲ್ಲಿ ಸರಕು ಇದೆ, ಧಾರಣೆ ಇದೆ, ದಾಸ್ತಾನು ಇದೆ, ವಾಯಿದೆ ವ್ಯಾಪಾರವೂ ಇದೆ. ಇದರ ಜೊತೆಗೆ 1994ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ವಿಧಿಸಲಾಗಿದೆ. 2025ರಲ್ಲಿ ಆ ಮಿತಿ 27.92 ಕೋಟಿ ಡಾಲರ್. ಎಲ್ಲರ ಕೈಯಲ್ಲೂ ಒಂದೇ ಮೊತ್ತ ಇರುವಾಗ ಗೆಲುವು ನಿರ್ಧಾರವಾಗುವುದು ಯಾರು ಹೆಚ್ಚು ಖರ್ಚು ಮಾಡಿದರು ಎಂಬುದರಿಂದಲ್ಲ, ಯಾರು ಕಡಿಮೆ ಕೊಟ್ಟು ಹೆಚ್ಚು ಪಡೆದರು ಎಂಬುದರಿಂದ. ಕೊನೆಯ ಸುತ್ತಿನ ಆಟಗಾರನ ಬಗ್ಗೆ ಇರುವ ಆಸಕ್ತಿಯ ಮೂಲ ಇದೇ.

ಇನ್ನು ಬ್ರೇಡಿ ಪ್ರಸಂಗಕ್ಕೆ ಮರಳಬಹುದು. ಅವರನ್ನು ಆರಿಸಿದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ದೂರದೃಷ್ಟಿಯನ್ನು ಹೊಗಳದವರಿಲ್ಲ. ಆದರೆ ಅದೇ ತಂಡ ಆ ವರ್ಷ ಬ್ರೇಡಿಯವರಿಗಿಂತ ಮುಂಚೆ ಬೇರೆ ಆರು ಮಂದಿಯನ್ನು ಆರಿಸಿತ್ತು ಎಂಬುದನ್ನು ಹೊಗಳುವವರು ಹೇಳುವುದಿಲ್ಲ. ಆತನ ನಿಜವಾದ ಯೋಗ್ಯತೆ ಅವರಿಗೆ ತಿಳಿದಿದ್ದರೆ 199ರವರೆಗೆ ಕಾಯುವ ಅಪಾಯವನ್ನು ಯಾವ ವಿವೇಕಿಯೂ ತೆಗೆದುಕೊಳ್ಳುತ್ತಿರಲಿಲ್ಲ. ಅಂದರೆ ಆಯ್ಕೆ ಮಾಡಿದವರಿಗೂ ತಿಳಿದಿರಲಿಲ್ಲ. ಆ 199ನೆಯ ಸರದಿ ಪರಿಹಾರವಾಗಿ ಬಂದ ಹೆಚ್ಚುವರಿ ಸರದಿಯಾಗಿತ್ತು. ಕೈಯಿಂದ ಹೋಗುವುದೇನೂ ಇರಲಿಲ್ಲ.

ತಂಡಕ್ಕೆ ನಿಜವಾಗಿ ಶ್ರೇಯಸ್ಸು ಸಲ್ಲಬೇಕಾದುದು ನಂತರದ ನಡೆಗೆ. 53 ಮಂದಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಕ್ವಾರ್ಟರ್‌ಬ್ಯಾಕ್‌ಗಳಿಗೆ ಜಾಗ. ಪೇಟ್ರಿಯಟ್ಸ್ ತಂಡ ಆ ವರ್ಷ ನಾಲ್ವರನ್ನು ಇರಿಸಿಕೊಂಡಿತು. ನಾಲ್ಕನೆಯವರು ಬ್ರೇಡಿ. ಒಂದು ಇಡೀ ಋತುವನ್ನು ಅವರು ಬಹುತೇಕ ಬೆಂಚಿನ ಮೇಲೆ ಕಳೆದರು. 2001ರ ಸೆಪ್ಟೆಂಬರಿನಲ್ಲಿ ಮುಖ್ಯ ಆಟಗಾರ ಡ್ರೂ ಬ್ಲೆಡ್ಸೋ ಗಾಯಗೊಂಡು ಹೊರನಡೆದಾಗ ಸಂದರ್ಭ ಒದಗಿತು. ಆ ಋತುವಿನ ಕೊನೆಗೆ ತಂಡ ತನ್ನ ಮೊದಲ ಸೂಪರ್ ಬೌಲ್ ಗೆದ್ದಿತು. ಖರೀದಿಯಲ್ಲಿ ಇದ್ದದ್ದು ಅದೃಷ್ಟ. ಗೋದಾಮಿನಲ್ಲಿ ಜಾಗ ಕೊಟ್ಟದ್ದು ಬುದ್ಧಿವಂತಿಕೆ.

ಈ ಪೇಟೆಯ ಧಾರಣೆ ಹೇಗೆ ನಿಗದಿಯಾಗುತ್ತದೆ ಎಂಬುದೂ ಕುತೂಹಲಕರ. 1990ರ ದಶಕದ ಆರಂಭದಲ್ಲಿ ಡಲಾಸ್ ಕೌಬಾಯ್ಸ್ ತಂಡದ ಪಾಲುದಾರರಲ್ಲೊಬ್ಬರೂ ತೈಲೋದ್ಯಮದ ಎಂಜಿನಿಯರೂ ಆಗಿದ್ದ ಮೈಕ್ ಮಕಾಯ್ ಅವರು ಹಿಂದಿನ ಕೊಡುಕೊಳ್ಳುವಿಕೆಗಳನ್ನು ಪರಿಶೀಲಿಸಿ ಒಂದು ದರಪಟ್ಟಿ ಸಿದ್ಧಪಡಿಸಿದರು. ತರಬೇತುದಾರ ಜಿಮ್ಮಿ ಜಾನ್ಸನ್ ಅವರ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಆ ಪಟ್ಟಿಯಲ್ಲಿ ಮೊದಲ ಸರದಿಗೆ 3000 ಅಂಕ, 16ನೆಯದಕ್ಕೆ 1000. ಬ್ರೇಡಿ ಆಯ್ಕೆಯಾದ 199ನೆಯ ಸರದಿಗೆ 12ಕ್ಕಿಂತ ತುಸು ಕಡಿಮೆ. ಗಮನಿಸಬೇಕಾದ ಅಂಶವೆಂದರೆ ಈ ಪಟ್ಟಿ ಆಟಗಾರರ ಸಾಧನೆಯನ್ನು ಅಳೆದು ಮಾಡಿದ್ದಲ್ಲ. ತಂಡಗಳು ಹಿಂದೆ ಏನು ಕೊಟ್ಟಿದ್ದವು ಎಂಬುದನ್ನು ನೋಡಿ ಮಾಡಿದ್ದು. ನಿನ್ನೆಯ ಧಾರಣೆಯನ್ನೇ ಇಂದಿನ ಮೌಲ್ಯವೆಂದು ಬರೆದಿಟ್ಟದ್ದು. ಪಟ್ಟಿಯ ಪ್ರತಿಗಳು ಕ್ರಮೇಣ ಇತರ ತಂಡಗಳಿಗೂ ಹರಡಿದ ಮೇಲೆ ಎಲ್ಲರೂ ಒಂದೇ ತಕ್ಕಡಿಯಲ್ಲಿ ತೂಗತೊಡಗಿದರು. ತಕ್ಕಡಿ ಸರಿಯಾಗಿದೆಯೇ ಎಂದು ಕೇಳಿದವರು ಕಡಿಮೆ.

ಕೇಳಿದವರು ಇಬ್ಬರು ಅರ್ಥಶಾಸ್ತ್ರಜ್ಞರು: ಕೇಡ್ ಮ್ಯಾಸಿ ಮತ್ತು 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್. 2005ರಲ್ಲಿ ಕರಡು ರೂಪದಲ್ಲಿ ಹೊರಬಂದು 2013ರಲ್ಲಿ ಪ್ರಕಟವಾದ ಅವರ ಅಧ್ಯಯನವು ಸರದಿಯ ಬೆಲೆ, ಆಟಗಾರನ ಸಂಬಳ, ನಂತರದ ಸಾಧನೆ ಮೂರನ್ನೂ ಜೊತೆಗಿಟ್ಟು ನೋಡಿತು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ ಶೇಕಡಾ 52 ಮಾತ್ರ ಎಂದು ಅವರು ಕಂಡರು. ನಾಣ್ಯ ಚಿಮ್ಮಿದರೆ ಶೇಕಡಾ 50 ಹೇಗೂ ಸಿಗುತ್ತದೆ. ಲಕ್ಷಾಂತರ ಡಾಲರು ವೆಚ್ಚ ಮಾಡಿ, ವರ್ಷವಿಡೀ ಊರೂರು ಸುತ್ತುವ ಸ್ಕೌಟ್‌ಗಳನ್ನು ಸಾಕಿ, ಪ್ರತಿ ಪಂದ್ಯದ ಚಿತ್ರಿಕೆಯನ್ನು ಹಿಂದೆ ಮುಂದೆ ಓಡಿಸಿ ನೋಡಿದ ಮೇಲೆ ದೊರೆತ ಹೆಚ್ಚುವರಿ ಲಾಭ ಆ ಎರಡು!

ಈ ಅಧ್ಯಯನವನ್ನು ಕೊನೆಯ ಸುತ್ತಿನ ಜಯಘೋಷವೆಂದು ಓದಿಕೊಳ್ಳುವುದು ತಪ್ಪಾಗುತ್ತದೆ. ಕೊಟ್ಟ ಬೆಲೆಯನ್ನು ಕಳೆದು ಉಳಿಯುವ ಲಾಭ ಅತ್ಯಧಿಕವಾಗಿ ಕಂಡುಬಂದದ್ದು ಮೊದಲ ಸುತ್ತಿನ ಅಂಚು ಮತ್ತು ಎರಡನೆಯ ಸುತ್ತಿನಲ್ಲಿ. ತೀರ ತುದಿಯಲ್ಲೂ ಅಲ್ಲ, ತೀರ ತಳದಲ್ಲೂ ಅಲ್ಲ. ಆರನೆಯ, ಏಳನೆಯ ಸುತ್ತಿನಲ್ಲಿ ಬಂದವರಲ್ಲಿ ಬಹುಪಾಲು ಮಂದಿ ಎರಡು ಮೂರು ವರ್ಷಗಳೊಳಗೆ ಕಣ್ಮರೆಯಾಗುತ್ತಾರೆ. ಬ್ರೇಡಿಯವರ ವರ್ಷ ಆಯ್ಕೆಯಾದವರು 254 ಮಂದಿ. ಅವರ ನೆರೆಹೊರೆಯ ಸಂಖ್ಯೆಗಳಲ್ಲಿದ್ದವರ ಹೆಸರುಗಳನ್ನು ಇಂದು ಕಟ್ಟಾ ಅಭಿಮಾನಿಯೂ ಹೇಳಲಾರ. ಗೆದ್ದ ಲಾಟರಿ ಚೀಟಿಯನ್ನು ಮಾತ್ರ ಗೋಡೆಗೆ ತೂಗುಹಾಕಿ ಉಳಿದವನ್ನು ಕಸಕ್ಕೆ ಎಸೆದರೆ ಲಾಟರಿಯೇ ಲಾಭದಾಯಕ ಉದ್ಯಮವೆಂದು ತೋರುವುದು ಸಹಜ.

ಹಾಗಾದರೆ ಕೆಳಗಿನ ಸುತ್ತುಗಳಲ್ಲಿ ಲಾಭ ಹುಟ್ಟುವುದು ಎಲ್ಲಿಂದ? ಮೊದಲನೆಯದು ಸಂಖ್ಯೆಯಿಂದ. ತನ್ನ ಊಹೆ ಅರ್ಧದಷ್ಟು ಸಲ ತಪ್ಪುತ್ತದೆಯೆಂದು ಒಪ್ಪಿಕೊಂಡವನು ಒಂದು ದುಬಾರಿ ಸರದಿಯನ್ನು ಮಾರಿ ನಾಲ್ಕು ಸಾಧಾರಣ ಸರದಿಗಳನ್ನು ಕೊಳ್ಳುತ್ತಾನೆ. ತನ್ನ ಕಣ್ಣು ತಪ್ಪುವುದೇ ಇಲ್ಲವೆಂದು ನಂಬಿದವನು ಅದಕ್ಕೆ ವಿರುದ್ಧವಾದುದನ್ನು ಮಾಡುತ್ತಾನೆ. ಎರಡನೆಯದು ತಾಳ್ಮೆಯಿಂದ. ಈ ವರ್ಷದ ಎರಡನೆಯ ಸುತ್ತಿನ ಸರದಿಯೊಂದು ಬೇಕೆಂದಾಗ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನು ಬಿಟ್ಟುಕೊಡುವುದು ಆ ಲೀಗಿನಲ್ಲಿ ರೂಢಿಯಾಗಿತ್ತು. ಇದನ್ನು ಬಡ್ಡಿಯ ಲೆಕ್ಕಕ್ಕೆ ಇಳಿಸಿದಾಗ ವರ್ಷಕ್ಕೆ ಶೇಕಡಾ 136 ಎಂದು ಥೇಲರ್ ಮತ್ತು ಮ್ಯಾಸಿ ಕಂಡರು. ಯಾವ ಲೇವಾದೇವಿಗಾರನೂ ಕೇಳಲು ನಾಚುವ ಬಡ್ಡಿ ಇದು. ಆದರೂ ಕೊಡುವವರು ಸಿಗುತ್ತಿದ್ದರು. ಏಕೆಂದರೆ ಕೆಲಸ ಕಳೆದುಕೊಳ್ಳುವ ಭೀತಿಯಲ್ಲಿರುವ ವ್ಯವಸ್ಥಾಪಕನಿಗೆ ಮುಂದಿನ ವರ್ಷವೆಂಬುದು ಇನ್ನೊಬ್ಬನ ಸೊತ್ತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಇತರರು ಕಾಲಿಡದ ಜಾಗದಿಂದ. ಇದಕ್ಕೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ದೃಷ್ಟಾಂತಕ್ಕೆ ಸಮನಾದುದು ಇನ್ನೊಂದಿಲ್ಲ. ಬಿಲ್ ನನ್ ಎಂಬ ಕರಿಯ ಪತ್ರಕರ್ತರು ‘ಪಿಟ್ಸ್‌ಬರ್ಗ್ ಕುರಿಯರ್’ ಪತ್ರಿಕೆಯಲ್ಲಿ ಕರಿಯರ ಕಾಲೇಜುಗಳ ಅತ್ಯುತ್ತಮ ಆಟಗಾರರ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುತ್ತಿದ್ದರು. ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದದ ಕಾರಣದಿಂದ ದೊಡ್ಡ ವಿಶ್ವವಿದ್ಯಾಲಯಗಳು ಕರಿಯ ಆಟಗಾರರಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. ಅಲ್ಲಿನ ಪ್ರತಿಭೆಯೆಲ್ಲ ಈ ಸಣ್ಣ ಕಾಲೇಜುಗಳಲ್ಲಿ ಒಟ್ಟಾಗಿತ್ತು. ಎದುರಿಗೇ ಇದ್ದರೂ ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಬಹುತೇಕ ತಂಡಗಳು ಅತ್ತ ತಿರುಗಿ ನೋಡುತ್ತಿರಲಿಲ್ಲ. 1967ರಲ್ಲಿ ಸ್ಟೀಲರ್ಸ್ ತಂಡ ನನ್ ಅವರನ್ನು ಅರೆಕಾಲಿಕ ಸ್ಕೌಟ್ ಆಗಿ ಸೇರಿಸಿಕೊಂಡಿತು; ಕೆಲವು ವರ್ಷಗಳಲ್ಲಿ ಅವರು ಪೂರ್ಣಾವಧಿಗೆ ಬಂದರು. ವರ್ಷಗಳ ಪರಿಚಯದಿಂದಾಗಿ ಆ ಕಾಲೇಜುಗಳ ತರಬೇತುದಾರರು ಅವರನ್ನು ಮನೆಯವರಂತೆ ಬರಮಾಡಿಕೊಳ್ಳುತ್ತಿದ್ದರು.

ಫಲ ತಡವಾಗಲಿಲ್ಲ. 1969ರಲ್ಲಿ ಅರ್ಕನ್ಸಾ ರಾಜ್ಯದ ಸಣ್ಣ ಕಾಲೇಜಿನಿಂದ ಹತ್ತನೆಯ ಸುತ್ತಿನಲ್ಲಿ ಬಂದ ಎಲ್. ಸಿ. ಗ್ರೀನ್‌ವುಡ್ ತಂಡದ ರಕ್ಷಣಾ ಸಾಲಿನ ಆಧಾರಸ್ತಂಭವಾದರು. 1974ರಲ್ಲಿ ಅಲಬಾಮ ಎ ಅಂಡ್ ಎಂ ಕಾಲೇಜಿನ ಜಾನ್ ಸ್ಟಾಲ್‌ವರ್ತ್ ಅವರ ಪ್ರಸಂಗವಂತೂ ವ್ಯಾಪಾರಿಗಳು ಓದಿ ಸವಿಯಬೇಕಾದದ್ದು. ಒದ್ದೆ ನೆಲದ ಮೇಲೆ ಓಡಿಸಿ ಆತ ನಿಧಾನಿಯೆಂದು ಬರೆದುಕೊಂಡು ಇತರ ಸ್ಕೌಟ್‌ಗಳು ಹೊರಟುಹೋದರು. ನನ್ ಅವರು ಮೈಗೆ ಹುಷಾರಿಲ್ಲವೆಂದು ಹೇಳಿ ಹಿಂದೆ ಉಳಿದು, ಒಣ ನೆಲದಲ್ಲಿ ಮತ್ತೆ ಓಡಿಸಿ ಸಮಯ ಗುರುತಿಸಿಕೊಂಡರು ಎಂದು ಹೇಳಲಾಗುತ್ತದೆ. ತರಬೇತುದಾರ ಚಕ್ ನೋಲ್ ಅವರಿಗೆ ಸ್ಟಾಲ್‌ವರ್ತ್ ಎಷ್ಟು ಹಿಡಿಸಿದರೆಂದರೆ ಮೊದಲ ಸುತ್ತಿನಲ್ಲೇ ಆರಿಸುವ ಮನಸ್ಸು ಮಾಡಿದ್ದರು. ಬೇಡ, ಇವನು ನಾಲ್ಕನೆಯ ಸುತ್ತಿನವರೆಗೂ ಉಳಿದಿರುತ್ತಾನೆ ಎಂಬುದು ನನ್ ಅವರ ಅಭಿಪ್ರಾಯವಾಗಿತ್ತು. ಮೂರನೆಯ ಸುತ್ತಿನ ಸರದಿ ಆ ವರ್ಷ ತಂಡದ ಕೈಯಲ್ಲಿ ಇರಲಿಲ್ಲ. ಕಾಯುವುದು ಎದೆಗಾರಿಕೆಯ ಮಾತು. ಮೊದಲ ಎರಡು ಸುತ್ತುಗಳಲ್ಲಿ ಲಿನ್ ಸ್ವಾನ್ ಮತ್ತು ಜ್ಯಾಕ್ ಲ್ಯಾಂಬರ್ಟ್, ನಾಲ್ಕರಲ್ಲಿ, 82ನೆಯವರಾಗಿ, ಸ್ಟಾಲ್‌ವರ್ತ್, ಐದರಲ್ಲಿ ಮೈಕ್ ವೆಬ್‌ಸ್ಟರ್ ಬಂದರು. ಯಾರೂ ಆರಿಸದೆ ಬಿಟ್ಟ ಡಾನಿ ಶೆಲ್ ಕೂಡ ಅದೇ ವರ್ಷ ಸೇರಿದರು. ಈ ಐವರೂ ಮುಂದೆ ಆ ಆಟದ ಕೀರ್ತಿಭವನಕ್ಕೆ ಸೇರ್ಪಡೆಯಾದರು. ಆರು ಋತುಗಳಲ್ಲಿ ನಾಲ್ಕು ಸೂಪರ್ ಬೌಲ್ ಪ್ರಶಸ್ತಿಗಳು ಪಿಟ್ಸ್‌ಬರ್ಗ್‌ಗೆ ಹೋದವು.

ಇಲ್ಲಿ ನನ್ ಅವರಿಗಿದ್ದ ಜ್ಞಾನ ಎರಡು ಬಗೆಯದು. ಸರಕಿನ ಗುಣ ತಿಳಿದಿತ್ತು. ಉಳಿದ ಗಿರಾಕಿಗಳಿಗೆ ಅದು ತಿಳಿದಿಲ್ಲವೆಂಬುದೂ ತಿಳಿದಿತ್ತು. ಎರಡನೆಯದಿಲ್ಲದಿದ್ದರೆ ಮೊದಲ ಸುತ್ತಿನ ಬೆಲೆ ತೆರಬೇಕಾಗುತ್ತಿತ್ತು. ಸಾಮಾನ್ಯವಾಗಿ ಇದನ್ನು ತೀಕ್ಷ್ಣದೃಷ್ಟಿ ಎನ್ನುತ್ತಾರೆ. ದೃಷ್ಟಿಯ ಪಾತ್ರ ಇದ್ದೇ ಇದೆ; ಆದರೆ ನೋಡಲು ಹೋದದ್ದೇ ಅದಕ್ಕಿಂತ ದೊಡ್ಡ ಸಂಗತಿ. ಅಂದಿನ ಕಡಿಮೆ ಬೆಲೆಯ ಹಿಂದೆ ಪೇಟೆಯ ಅಜ್ಞಾನ ಮಾತ್ರವಲ್ಲ, ಒಂದು ಸಮಾಜದ ಅನ್ಯಾಯವೂ ಇತ್ತೆಂಬುದನ್ನು ಮರೆಯುವಂತಿಲ್ಲ. ನನ್ ಅವರು 2014ರಲ್ಲಿ ತೀರಿಕೊಂಡರು. ಕೀರ್ತಿಭವನದಲ್ಲಿ ಅವರಿಗೆ ಸ್ಥಾನ ದೊರೆತದ್ದು 2021ರಲ್ಲಿ.

ಡಲಾಸ್ ಕೌಬಾಯ್ಸ್ ತಂಡ ಹಿಡಿದ ದಾರಿ ಬೇರೆ. 1960ರಲ್ಲಿ ಸ್ಥಾಪನೆಯಾದ ಆ ತಂಡದ ಮುಖ್ಯಸ್ಥ ಟೆಕ್ಸ್ ಶ್ರಾಮ್ ಅವರು ಆಗಿನ್ನೂ ಹೊಸದಾಗಿದ್ದ ಕಂಪ್ಯೂಟರಿನ ನೆರವು ಪಡೆಯಲು ನಿರ್ಧರಿಸಿದರು. ಐಬಿಎಂ ಅಂಗಸಂಸ್ಥೆಯಲ್ಲಿ ದುಡಿಯುತ್ತಿದ್ದ ಸಲಾಂ ಖುರೇಷಿ ಎಂಬ ಸಂಖ್ಯಾಶಾಸ್ತ್ರಜ್ಞರಿಗೆ ಆ ಕೆಲಸ ಬಂತು. ಖುರೇಷಿ ಭಾರತದವರು, ಅಲೀಗಢದಲ್ಲಿ ಓದಿದವರು, ಅಮೆರಿಕದ ಫುಟ್‌ಬಾಲ್ ಅವರಿಗೆ ಅಪರಿಚಿತ. ಬಹುಶಃ ಅದೇ ಅನುಕೂಲವಾಯಿತು. ಒಬ್ಬ ಸ್ಕೌಟ್ ‘ಚುರುಕು’ ಎಂದು ಬರೆದದ್ದಕ್ಕೂ ಇನ್ನೊಬ್ಬ ಹಾಗೆಯೇ ಬರೆದದ್ದಕ್ಕೂ ಅರ್ಥ ಒಂದೇ ಅಲ್ಲವೆಂಬುದು ಹೊರಗಿನವರ ಕಣ್ಣಿಗೆ ಬೇಗ ಬಿತ್ತು. ನೂರಾರು ಗುಣವಿಶೇಷಗಳನ್ನು ಜರಡಿ ಹಿಡಿದು ಶೀಲ, ಚುರುಕು ಮತ್ತು ದೇಹದ ಹತೋಟಿ, ಸ್ಪರ್ಧಾ ಮನೋಭಾವ, ಬುದ್ಧಿಯ ಎಚ್ಚರ, ಬಲ ಎಂಬ ಐದಕ್ಕೆ ಇಳಿಸಲಾಯಿತು. ಎಲ್ಲರೂ ಒಂದೇ ಮಾತಿನಲ್ಲಿ, ಒಂದೇ ಅಳತೆಯಲ್ಲಿ ಅಂಕ ನೀಡುವ ಕ್ರಮ ಬಂತು. ಆಟಗಾರರನ್ನು ಅಳೆಯುವ ಮೊದಲು ಅಳೆಯುವವರನ್ನೇ ಅಳೆದದ್ದು ಖುರೇಷಿಯವರ ಕೊಡುಗೆ.

ಅದೇ ತಂಡದ 1964ರ ಆಯ್ಕೆ ತಾಳ್ಮೆಗೆ ಮಾದರಿ. ಏಳನೆಯ ಸುತ್ತಿನಲ್ಲಿ ಬಾಬ್ ಹೇಯ್ಸ್ ಎಂಬ ಓಟಗಾರನನ್ನು ಆರಿಸಿತು. ಆತ ಅದೇ ವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಚಿನ್ನ ಗೆದ್ದು, 1965ರಲ್ಲಿ ತಂಡಕ್ಕೆ ಬಂದರು. ಹತ್ತನೆಯ ಸುತ್ತಿನಲ್ಲಿ ನೌಕಾ ಅಕಾಡೆಮಿಯ ರಾಜರ್ ಸ್ಟಾಬಾಕ್ ಅವರನ್ನು ಆರಿಸಿತು. ಸ್ಟಾಬಾಕ್ ಅವರ ಯೋಗ್ಯತೆ ಯಾರಿಗೂ ಗುಟ್ಟಾಗಿರಲಿಲ್ಲ. 1963ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುಚ್ಚ ಗೌರವವಾದ ಹೈಸ್‌ಮನ್ ಟ್ರೋಫಿ ಅವರಿಗೇ ಸಂದಿತ್ತು. ತೊಡಕಿದ್ದದ್ದು ಪದವಿಯ ನಂತರ ಅವರು ನೌಕಾಪಡೆಯಲ್ಲಿ ನಾಲ್ಕು ವರ್ಷ ಸೇವೆ ಸಲ್ಲಿಸಬೇಕಾಗಿದ್ದುದರಲ್ಲಿ. ಅಷ್ಟು ಕಾಲ ಬಂಡವಾಳ ಕಟ್ಟಿಹಾಕಲು ಇತರರಿಗೆ ಮನಸ್ಸಿರಲಿಲ್ಲ. ವಿಯೆಟ್ನಾಮಿನ ಸೇವೆಯನ್ನೂ ಮುಗಿಸಿ 1969ರಲ್ಲಿ, 27ರ ವಯಸ್ಸಿನಲ್ಲಿ ತಂಡಕ್ಕೆ ಬಂದ ಸ್ಟಾಬಾಕ್ ಎರಡು ಸೂಪರ್ ಬೌಲ್ ಗೆದ್ದುಕೊಟ್ಟರು.

ಇಂದು ಇಂತಹ ಕತ್ತಲ ಮೂಲೆಗಳು ವಿರಳ. 1980ರ ದಶಕದಿಂದ ಪ್ರತಿ ವರ್ಷ ನೂರಾರು ಆಟಗಾರರನ್ನು ಒಂದೆಡೆ ಕರೆಸಿ ತೂಗಿ, ಅಳೆದು, 40 ಗಜ ಓಡಿಸಿ, ಭಾರ ಎತ್ತಿಸಿ ಲೆಕ್ಕ ಬರೆಯುವ ಏರ್ಪಾಡಿದೆ. ಎಲ್ಲ ತಂಡಗಳಿಗೂ ಒಂದೇ ಅಂಕಿಅಂಶ ದೊರೆಯುತ್ತದೆ. ಎಲ್ಲರಿಗೂ ದೊರೆತ ಮಾಹಿತಿಯಿಂದ ಯಾರಿಗೂ ಲಾಭವಿಲ್ಲ. ಅಪಾಯ ಮಾತ್ರ ಉಂಟು, ಏಕೆಂದರೆ ಅಳೆಯಲು ಸುಲಭವಾದುದಕ್ಕೆ ಅನಗತ್ಯ ತೂಕ ಬರುತ್ತದೆ. ಬ್ರೇಡಿ 40 ಗಜ ಓಡಲು ತೆಗೆದುಕೊಂಡದ್ದು 5.28 ಸೆಕೆಂಡು. ಓಟಗಾರನ ಕೆಲಸಕ್ಕೆ ಅದು ಸಾಲದು, ನಿಜ. ಆದರೆ ಅವರನ್ನು ಯಾರೂ ಓಡಲು ಕರೆದಿರಲಿಲ್ಲ.

ಕೊಂಡ ಮೇಲಿನ ಪೋಷಣೆಯ ವಿಷಯದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದ ರಾನ್ ವುಲ್ಫ್ ಅವರ ಕ್ರಮ ಉಲ್ಲೇಖನೀಯ. 1990ರ ದಶಕದಲ್ಲಿ ಬ್ರೆಟ್ ಫಾರ್ವ್ ಎಂಬ ಅಗ್ರಶ್ರೇಣಿಯ ಕ್ವಾರ್ಟರ್‌ಬ್ಯಾಕ್ ಇರುವಾಗಲೂ ಬಹುತೇಕ ಪ್ರತಿವರ್ಷ ಅದೇ ಸ್ಥಾನದ ಒಬ್ಬನನ್ನು ಅವರು ಕೆಳಸುತ್ತುಗಳಲ್ಲಿ ಕೊಂಡು ಬೆಳೆಸುತ್ತಿದ್ದರು. ಹಲವರು ಪ್ರಯೋಜನಕ್ಕೆ ಬರಲಿಲ್ಲ. ಬಂದವರಲ್ಲಿ ಐದನೆಯ ಸುತ್ತಿನ ಮಾರ್ಕ್ ಬ್ರನೆಲ್ 1995ರಲ್ಲಿ ಜ್ಯಾಕ್ಸನ್‌ವಿಲ್‌ಗೆ, ನಾಲ್ಕನೆಯ ಸುತ್ತಿನ ಆರನ್ ಬ್ರೂಕ್ಸ್ 2000ದಲ್ಲಿ ನ್ಯೂ ಆರ್ಲಿಯನ್ಸ್‌ಗೆ, ಆರನೆಯ ಸುತ್ತಿನ ಮ್ಯಾಟ್ ಹ್ಯಾಸಲ್‌ಬೆಕ್ 2001ರಲ್ಲಿ ಸಿಯಾಟಲ್‌ಗೆ ಹೋದರು; ಪ್ರತಿಯಾಗಿ ಸರದಿಗಳೂ ಆಟಗಾರರೂ ಬಂದರು. ಸಸಿ ಬೆಳೆಸಿ ಮಾರುವ ನರ್ಸರಿಯವರ ವಹಿವಾಟು ಇದು. ಎಲ್ಲ ಬೀಜವೂ ಮೊಳೆಯುವುದಿಲ್ಲವೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಈಚಿನ ದೃಷ್ಟಾಂತ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ್ದು. 2021ರಲ್ಲಿ ಆ ತಂಡ ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಜೊತೆಗೆ ಮೂರನೆಯ ಸುತ್ತಿನದೊಂದನ್ನೂ ಕೊಟ್ಟು ಮೂರನೆಯ ಸ್ಥಾನಕ್ಕೆ ಏರಿ ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿತು. 2022ರಲ್ಲಿ ಅದೇ ತಂಡ ಇಡೀ ಆಯ್ಕೆಯ ಕಟ್ಟಕಡೆಯ, 262ನೆಯ ಸರದಿಯಲ್ಲಿ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಬ್ರಾಕ್ ಪರ್ಡಿಯನ್ನು ಆರಿಸಿತು. ಕೊನೆಯವನಾಗಿ ಬಂದವನಿಗೆ ‘ಮಿಸ್ಟರ್ ಇರ್ರೆಲೆವಂಟ್’, ಅಂದರೆ ಲೆಕ್ಕಕ್ಕಿಲ್ಲದ ಮಹಾಶಯ ಎಂಬ ಬಿರುದು ಕೊಟ್ಟು, ಚೆಂಡು ಕೈಜಾರುತ್ತಿರುವ ಆಟಗಾರನ ಪುತ್ಥಳಿಯೊಂದನ್ನು ನೀಡಿ ತಮಾಷೆ ಮಾಡುವ ಸಂಪ್ರದಾಯ ಅಲ್ಲಿ 1976ರಿಂದ ಇದೆ. ಆ ಋತುವಿನಲ್ಲಿ ಲ್ಯಾನ್ಸ್ ಗಾಯಗೊಂಡರು. ಎರಡನೆಯವರಾದ ಜಿಮ್ಮಿ ಗರಾಪಲೊ ಕೂಡ ಗಾಯಗೊಂಡರು. ಡಿಸೆಂಬರಿನಲ್ಲಿ ಮೂರನೆಯವರಾಗಿ ಕಣಕ್ಕಿಳಿದ ಪರ್ಡಿ ಮುಂದಿನ ಋತುವಿನ ಕೊನೆಗೆ, 2024ರ ಫೆಬ್ರುವರಿಯಲ್ಲಿ, ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದರು. ಅಲ್ಲಿ 25-22ರಿಂದ ಸೋತರೆಂಬುದು ಬೇರೆ ಮಾತು.

ಈ ಪ್ರಕರಣದಲ್ಲೂ ಮೆಚ್ಚಬೇಕಾದದ್ದು ಪರ್ಡಿಯವರ ಆಯ್ಕೆಗಿಂತ ಲ್ಯಾನ್ಸ್ ಅವರ ವಿಷಯದಲ್ಲಿ ತಂಡ ನಡೆದುಕೊಂಡ ರೀತಿ. ಅಷ್ಟು ಕೊಟ್ಟು ತಂದವನನ್ನು ಆಡಿಸಲೇಬೇಕೆಂಬ ಹಟ ಯಾವ ಸಂಸ್ಥೆಯಲ್ಲೂ ಸಹಜ. ಕೈತಪ್ಪಿದ ಹಣದ ಮರ್ಯಾದೆ ಉಳಿಸಲು ಮತ್ತಷ್ಟು ಹಣ ಸುರಿಯುವುದನ್ನು ಎಲ್ಲ ಉದ್ಯಮಗಳೂ ಬಲ್ಲವು. ಫಾರ್ಟಿನೈನರ್ಸ್ ಹಾಗೆ ಮಾಡಲಿಲ್ಲ. 2023ರ ಆಗಸ್ಟಿನಲ್ಲಿ ಒಂದು ನಾಲ್ಕನೆಯ ಸುತ್ತಿನ ಸರದಿಗೆ ಲ್ಯಾನ್ಸ್ ಅವರನ್ನು ಡಲಾಸ್‌ಗೆ ಬಿಟ್ಟುಕೊಟ್ಟು, ನಷ್ಟವನ್ನು ನಷ್ಟದ ಪುಟದಲ್ಲೇ ಬರೆದು ಮುಂದೆ ಸಾಗಿತು.

ಇಷ್ಟಾದರೂ ಈ ‘ಅಗ್ಗ’ದ ಇನ್ನೊಂದು ಮುಖವನ್ನು ಪ್ರಸ್ತಾಪಿಸದಿದ್ದರೆ ಲೆಕ್ಕ ಅಪೂರ್ಣವಾಗುತ್ತದೆ. 2023ರಲ್ಲಿ ಪರ್ಡಿಯವರ ಸಂಬಳ 8.7 ಲಕ್ಷ ಡಾಲರ್. ಅದೇ ವರ್ಷ ಸಿನ್ಸಿನಾಟಿಯ ಜೋ ಬರೋ ವರ್ಷಕ್ಕೆ ಸರಾಸರಿ 5.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡರು. ಈ ಅಂತರಕ್ಕೆ ತಂಡದ ಜಾಣ್ಮೆಯೊಂದೇ ಕಾರಣವಲ್ಲ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದದ ಪ್ರಕಾರ ಆಯ್ಕೆಯಾದವನು ನಾಲ್ಕು ವರ್ಷಗಳ ನಿಗದಿತ ಕರಾರಿಗೆ ಒಳಗಾಗಬೇಕು. ಮೂರು ಋತು ಮುಗಿಯುವವರೆಗೆ ಹೊಸ ಸಂಬಳದ ಮಾತು ಎತ್ತುವಂತಿಲ್ಲ. 2010ರಲ್ಲಿ ಮೊದಲಿಗರಾಗಿ ಬಂದ ಸ್ಯಾಮ್ ಬ್ರ್ಯಾಡ್‌ಫರ್ಡ್ ಅವರಿಗೆ ಆರು ವರ್ಷಗಳಿಗೆ 7.8 ಕೋಟಿ ಡಾಲರಿನ ಒಪ್ಪಂದ ದೊರೆತಿತ್ತು; ಮರುವರ್ಷದ ಮೊದಲಿಗ ಕ್ಯಾಮ್ ನ್ಯೂಟನ್ ಅವರಿಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಮೇಲಿನವರ ಅತಿರೇಕ ತಗ್ಗಿದ್ದು ಒಳ್ಳೆಯದೇ. ಆದರೆ ಕೆಳಗಿನಿಂದ ಬಂದು ತನ್ನ ಯೋಗ್ಯತೆ ತೋರಿಸಿದವನಿಗೂ ಅದೇ ಬೇಲಿ. ಆಟಗಾರನ ಮೊಣಕಾಲು ಮೂರು ವರ್ಷ ಕಾಯುತ್ತದೆಯೆಂಬ ಭರವಸೆ ಯಾರೂ ಕೊಡಲಾರರು. ಕೆಳಸುತ್ತಿನವರಿಗೆ ಸಂಬಳದ ಖಾತರಿಯೂ ಅತ್ಯಲ್ಪ. ಆಗಸ್ಟ್ ತಿಂಗಳಲ್ಲಿ 90 ಮಂದಿಯ ಪಟ್ಟಿಯನ್ನು 53ಕ್ಕೆ ಇಳಿಸುವಾಗ ಅವರಲ್ಲಿ ಅನೇಕರು ಮನೆಗೆ ಹೋಗುತ್ತಾರೆ. ಕಡಿಮೆ ಬೆಲೆಯ ಒಂದು ಪಾಲು ಖರೀದಿದಾರನ ವಿವೇಕದಿಂದ ಬಂದರೆ ಇನ್ನೊಂದು ಪಾಲು ಮಾರಾಟಗಾರನ ಬಾಯಿ ಕಟ್ಟಿದ ನಿಯಮದಿಂದ ಬರುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಚಾತುರ್ಯವೆಂದು ಬೀಗುವುದು ಸರಿಯಲ್ಲ.

ಪರ್ಡಿಯವರ ಮೂರು ಋತುಗಳು ಮುಗಿದ ಬಳಿಕ, 2025ರ ಮೇ ತಿಂಗಳಲ್ಲಿ, ಫಾರ್ಟಿನೈನರ್ಸ್ ತಂಡ ಅವರೊಡನೆ ಐದು ವರ್ಷಗಳಿಗೆ 26.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಪೇಟೆಯ ಧಾರಣೆ ಕೊನೆಗೂ ಬಂತು. ಅದರೊಡನೆ ಅಗ್ಗದ ಕಾಲವೂ ಮುಗಿಯಿತು. ಈ ಹೊರೆಯನ್ನು ನಿರೀಕ್ಷಿಸಿಯೇ ತಂಡ ಆ ವಸಂತದಲ್ಲಿ ಡೀಬೋ ಸ್ಯಾಮ್ಯುಯೆಲ್ ಅವರನ್ನು ವಾಷಿಂಗ್ಟನ್‌ಗೆ ಬಿಟ್ಟುಕೊಟ್ಟಿತು. ತಾನೇ ಐದನೆಯ ಸುತ್ತಿನಲ್ಲಿ ಆರಿಸಿ ಬೆಳೆಸಿದ ಡ್ರೆ ಗ್ರೀನ್‌ಲಾ, ಟಲನೋವಾ ಹುಫಾಂಗಾ ಮುಂತಾದವರು ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೋದರು. ಒಪ್ಪಂದಕ್ಕೆ ಕೆಲವೇ ವಾರಗಳ ಮುಂಚೆ, ಏಪ್ರಿಲ್‌ನ ಆಯ್ಕೆಯಲ್ಲಿ, ತಂಡ ಹನ್ನೊಂದು ಹೊಸಬರನ್ನು ಆರಿಸಿತ್ತು. ಅವರಲ್ಲಿ ಏಳು ಮಂದಿ ನಾಲ್ಕನೆಯ ಸುತ್ತು ಮತ್ತು ಅದರ ಕೆಳಗಿನವರು. ಒಬ್ಬರು ಕ್ವಾರ್ಟರ್‌ಬ್ಯಾಕ್, ಏಳನೆಯ ಸುತ್ತಿನಲ್ಲಿ ಬಂದವರು.